ಅಣಿ ಯಾರು ಕಟ್ಟಿದ್ದು?

ಕಳೆದ ವಾರ್ಷಿಕೋತ್ಸವಕ್ಕೆ ವೇದಿಕೆಯ ಹಿಂದೆ ಯಾವ ಚಿತ್ರ ಹಾಕಿಸುವುದೆಂದು ನಮ್ಮ ಸ್ಟಾಫ್ ರೂಮಿನಲ್ಲಿ ಎರಡು ದಿನ ಚರ್ಚೆ ನಡೆಯಿತು. ಸರಸ್ವತಿ, ನವಿಲು, ಸೂರ್ಯೋದಯ ಬಿಟ್ಟರೆ ನಮಗೆ ಬೇರೇನೂ ಹೊಳೆಯುವುದಿಲ್ಲವೆನ್ನಿ. ಕೊನೆಗೆ ಗಣಿತದ ಸರ್, ನನ್ನ ಮಗನ ಪ್ರಾಯದವರು, ಮೊಬೈಲ್ ತೆಗೆದು ತುಳುನಾಡಿನ ಪಂಜುರ್ಲಿ, ರಾತ್ರಿ, ದೊಂದಿಯ ಬೆಳಕು ಎಂದೆಲ್ಲ ಇಂಗ್ಲಿಷಿನಲ್ಲಿ ಕುಟ್ಟಿದರು. ನಾನು ಚಹಾದ ಲೋಟ ಕೆಳಗಿಡುವುದರೊಳಗೆ ಚಿತ್ರ ಬಂದೇಬಿಟ್ಟಿತು!

ಹಂದಿಯ ಮೂತಿ, ಕೋರೆ ಹಲ್ಲು, ಕೆಂಡದಂಥ ಕಣ್ಣು, ಸುತ್ತಲೂ ಬೆಂಕಿ. ಸುಳ್ಳು ಯಾಕೆ ಹೇಳಲಿ, ನನಗೆ ಚಂದ ಕಂಡಿತು. "ಇದನ್ನೇ ಹಾಕಿಸಿ" ಎಂದು ಮೊದಲು ಹೇಳಿದವಳು ನಾನೇ.

ಇದು ಹೇಗೆ ಬರೆಯುತ್ತದೆಂದು ಕೇಳಿದೆ. ಕೋಟಿಗಟ್ಟಲೆ ಚಿತ್ರಗಳನ್ನು, ಅವುಗಳ ಜತೆಗಿದ್ದ ಬರಹವನ್ನು ಅದಕ್ಕೆ ಉಣ್ಣಿಸಿರುತ್ತಾರಂತೆ. ಮೊದಲು ಬರೀ ಚುಕ್ಕೆಗಳ ಗೊಂದಲ. ಆಮೇಲೆ ಅಕ್ಕಿಯಿಂದ ಕಲ್ಲು ಹೆಕ್ಕಿದ ಹಾಗೆ ಆ ಗೊಂದಲವನ್ನು ಹಂತ ಹಂತವಾಗಿ ತೆಗೆಯುತ್ತಾ, ಕೇಳಿದ್ದನ್ನು ಹೋಲುವ ಚಿತ್ರವನ್ನು ಉಳಿಸುತ್ತದಂತೆ. 2022ರಲ್ಲಿ 'ಕಾಂತಾರ' ಬಂದ ಮೇಲೆ ಪಂಜುರ್ಲಿ, ಗುಳಿಗನ ಫೋಟೋಗಳು ಎಲ್ಲೆಲ್ಲೂ ಹರಿದಾಡಿದವಲ್ಲ, ಅವೂ ಅದರ ಹೊಟ್ಟೆ ಸೇರಿರಬೇಕು.

ಫ್ಲೆಕ್ಸ್ ಬಂದ ದಿನ ಅದನ್ನು ಜಗಲಿಯಲ್ಲಿ ಬಿಡಿಸಿಟ್ಟಿದ್ದೆವು. ಎಂಟನೇ ತರಗತಿಯ ಒಬ್ಬ ಹುಡುಗ ಅದರ ಮುಂದೆ ನಿಂತ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ನನ್ನ ಕೆಂಪು ಶಾಯಿ ಸಾಕಷ್ಟು ಖರ್ಚಾಗಿದೆ. ದೀಪಾವಳಿ ಕಳೆದರೆ ಸಾಕು, ಬರುವುದಿಲ್ಲ; ಬಂದರೆ ನಿದ್ದೆ. "ರಾತ್ರಿಯೆಲ್ಲ ಟಿವಿ ನೋಡುವುದಾ ನೀನು?" ಎಂದು ಎಷ್ಟು ಸಲ ಗದರಿಸಿದ್ದೇನೋ. ತಲೆ ತಗ್ಗಿಸಿ ನಿಲ್ಲುತ್ತಿದ್ದ, ಅಷ್ಟೆ.

"ಟೀಚರ್, ಈ ಅಣಿ ಯಾರು ಕಟ್ಟಿದ್ದು?"

"ಯಾರೂ ಅಲ್ಲ ಮಾರಾಯ, ಕಂಪ್ಯೂಟರ್ ಮಾಡಿದ್ದು."

"ಕಟ್ಟಿದ್ದೇ ಇಲ್ಲ. ತಲೆಯಿಂದಲೇ ಹುಟ್ಟಿದ ಹಾಗುಂಟು. ಗಗ್ಗರ ಕುತ್ತಿಗೆಯಲ್ಲುಂಟು" ಎಂದು ಮೆಲ್ಲಗೆ ಹೇಳಿ ಹೋದ.

ನೋಡುತ್ತೇನೆ, ಹೌದು! ಕಾಲಿಗೆ ಕಟ್ಟುವ ಗಗ್ಗರ ಹಾರದ ಹಾಗೆ ನೇತಾಡುತ್ತಿತ್ತು. ಹುಟ್ಟಿದಂದಿನಿಂದ ಕೋಲ ನೋಡಿದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ದೈವದ ರೂಪ ಸ್ಥಾನ ಬಿಟ್ಟು ಹೊರಬರಬಾರದೆನ್ನುವವಳಲ್ಲ ನಾನು. ದೆಹಲಿಯ ಕರಕುಶಲ ಮ್ಯೂಸಿಯಮ್ಮಿನಲ್ಲಿ ಮೆಕ್ಕೆಕಟ್ಟಿನ ಮರದ ಭೂತಗಳನ್ನು ಕಂಡು ಊರಿನವರೇ ಸಿಕ್ಕಿದಷ್ಟು ಖುಷಿಪಟ್ಟವಳು. ಆದರೆ ಅವುಗಳನ್ನು ಯಾರೋ ಒಬ್ಬ ಕುಳಿತು ಕೆತ್ತಿದ್ದ.

ಅದೇ ಶನಿವಾರ ನೆರೆಮನೆಯಲ್ಲಿ ಕೋಲ. ವೇಷ ಮುಗಿದ ಮೇಲೆ ಹೋಗಿ, ಕುರ್ಚಿಯಲ್ಲಿ ಕುಳಿತು, ಪ್ರಸಾದ ತೆಗೆದುಕೊಂಡು ಬರುವುದು ನನ್ನ ಪದ್ಧತಿ. ಆ ದಿನ ಬೇಗ ಹೋದೆ. ಹಿತ್ತಿಲ ಬದಿಯ ಮಡಲಿನ ಚಪ್ಪರದಲ್ಲಿ ಒಬ್ಬರು ಕೈಯಲ್ಲಿ ಕನ್ನಡಿ ಹಿಡಿದು ಮುಖಕ್ಕೆ ಅರದಾಳದ ಹಳದಿ ಬಳಿದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಮುದುಕಿಯೊಬ್ಬರು ತೆಂಬರೆ ಬಡಿಯುತ್ತಾ ಪಾಡ್ದನ ಹೇಳುತ್ತಿದ್ದರು. ಕೆಳಗೆ ಕುಳಿತು ತೆಂಗಿನ ಎಳೆಗರಿ ಸಿಗಿಯುತ್ತಿದ್ದವನು ನನ್ನ ಹುಡುಗ.

ಆಮೇಲೆ ತಂದೆ ಎದ್ದು ನಿಂತರು. ಹುಡುಗ ಹಿಂದಿನಿಂದ ಅಣಿ ಎತ್ತಿಕೊಟ್ಟು, ಹಗ್ಗ ಸುತ್ತಿ, ಮಂಡಿ ಒತ್ತಿ ಎಳೆದ. ಅವರು ಏನೋ ಅಂದರು, ಸ್ವಲ್ಪ ಸಡಿಲಿಸಿದ. ಆ ಭಾರ ಹೊತ್ತು ರಾತ್ರಿ ಕುಣಿಯಬೇಕಲ್ಲ! ಹಗ್ಗ ಸಡಿಲವಾದರೆ ಬೆನ್ನಿಗೆ ಪೆಟ್ಟು, ಬಿಗಿಯಾದರೆ ಉಸಿರಿಗೆ. ಗಗ್ಗರ ಕಾಲಿಗೇರಿತು, ಮನೆಯ ಯಜಮಾನರು ಕೈಮುಗಿದರು, ನಾನೂ ಮುಗಿದೆ. ಕೋಲ ನಡೆಯುವಾಗ ಅವನ ಕಣ್ಣು ತಂದೆಯ ಬೆನ್ನು ಬಿಟ್ಟು ಕದಲಲಿಲ್ಲ. ಎಲ್ಲರೂ ಎದುರಿನಿಂದ ಫೋಟೋ ಹೊಡೆಯುತ್ತಿದ್ದರು. ಒಮ್ಮೆ ನನ್ನನ್ನು ಕಂಡವನು ಅಣಿಯ ಮರೆಗೆ ಸರಿದ.

ಆ ಸರಿದದ್ದು ನನಗೆ ಚುಚ್ಚಿತು. ಈ ವೇಷ ಕಟ್ಟುವವರು ನಲಿಕೆಯವರು, ಪಂಬದರು, ಪರವರು. ರಾತ್ರಿ ಅವರ ಬಾಯಿಂದ ಬರುವ ನುಡಿಗೆ ಊರೇ ತಲೆಬಾಗುತ್ತದೆ. ಬೆಳಿಗ್ಗೆ ಅದೇ ಮನುಷ್ಯ ಅಂಗಳದ ಅಂಚಿನಲ್ಲಿ ನಿಂತು ಅಕ್ಕಿ, ದುಡ್ಡು ಪಡೆದು ಹೋಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ನಮ್ಮೂರಿನವರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಟಿವಿ ನೋಡಿದೆನೆಂಬ ಬೈಗುಳವೇ ಅವನಿಗೆ ಹಿತವಾಗಿದ್ದಿರಬೇಕು.

ಅವನನ್ನು ತರಗತಿಯ ಮುಂದೆ ನಿಲ್ಲಿಸಿ ಅಣಿಯ ಬಗ್ಗೆ ಹೇಳಿಸಬೇಕೆಂದು ಒಂದು ಗಳಿಗೆ ಅನ್ನಿಸಿತು. ಒಳ್ಳೆಯ ಟೀಚರ್ ಅನ್ನಿಸಿಕೊಳ್ಳುವ ಆಸೆ, ಬೇರೇನಲ್ಲ. ಅವನು ಇಷ್ಟು ವರ್ಷ ಬಾಯಿ ಬಿಡದೆ ಉಳಿಸಿಕೊಂಡದ್ದನ್ನು ನಾನು ನಲವತ್ತು ಮಕ್ಕಳೆದುರು ಬಿಚ್ಚುವುದೇ? ಸುಮ್ಮನಾದೆ. ನನ್ನ ಮೊದಲನೇ ಪಿರಿಯಡ್ಡನ್ನು ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡೆ.

ಗಣಿತದ ಸರ್‌ಗೆ ಗಗ್ಗರದ ವಿಷಯ ಮಾತ್ರ ಹೇಳಿದೆ. "ಒಂದು ನಿಮಿಷದ ಕೆಲಸ ಟೀಚರ್" ಎಂದು ಮತ್ತೆ ಕುಟ್ಟಿದರು. ಗಗ್ಗರ ಕಾಲಿಗಿಳಿಯಿತು, ಅಣಿ ಈಗ ಭುಜದಿಂದ ಹುಟ್ಟಿತ್ತು. ಹೇಗೂ ಫ್ಲೆಕ್ಸಿಗೆ ದುಡ್ಡು ಕೊಟ್ಟಾಗಿತ್ತು. ಮುಖ್ಯ ಅತಿಥಿಗಳು ಅದನ್ನೇ ತೋರಿಸಿ ನಮ್ಮ ಸಂಸ್ಕೃತಿಯನ್ನು ಹೊಗಳಿದರು. ಹುಡುಗ ಬಂದಿರಲಿಲ್ಲ.

ಮರುದಿನ ಬಿಸಿಯೂಟದ ಅಡುಗೆಯಾಕೆ, ಕಟ್ಟಿಗೆಗೆ ಮುಚ್ಚಲು ಆ ಫ್ಲೆಕ್ಸ್ ಕೊಡುತ್ತೀರಾ ಎಂದು ಕೇಳಿದಳು.

"ತಕೊಂಡು ಹೋಗು. ಮುಖ ಒಳಗಡೆ ಮಾಡಿ ಹಾಕು, ಕಾಲು ತಾಗಬಾರದು."

"ಅಷ್ಟೂ ಗೊತ್ತಿಲ್ವಾ ಟೀಚರ್ ನನಗೆ?" ಎಂದು ಅವಳು ಅದನ್ನು ಸುರುಳಿ ಸುತ್ತತೊಡಗಿದಳು.