ಅಂಕ ಬಂತೆಂದು ಕುಣಿಯಬೇಡ

ಪ್ರೀತಿಯ ಪುಟ್ಟಿ,

ನಿನ್ನ ಮೇಲ್ ಓದಿ ಖುಷಿಯಾಯಿತು, ಜೊತೆಗೆ ಚೂರು ದಿಗಿಲೂ ಆಯಿತು ಅನ್ನು. ಪ್ರೋಟೀನಿನ ರಚನೆ ಊಹಿಸುವ ಆಲ್ಫಾಫೋಲ್ಡ್ ಕಟ್ಟಿಕೊಟ್ಟ ಟಿ-ಕೋಶದ ಗ್ರಾಹಕದ ಮಾದರಿಗೆ ಒಳ್ಳೆಯ ಅಂಕ ಬಂತೆಂದು ಕುಣಿದಾಡಿದ್ದೀಯ. ನಿನ್ನ ಅಣ್ಣನ ಜಾತಕ ಕೂಡಿತೆಂದು ಚಿಕ್ಕಮ್ಮ ಊರಿಗೆಲ್ಲ ಹೇಳಿಕೊಂಡು ಬಂದಿದ್ದರಲ್ಲ, ಥೇಟ್ ಹಾಗೆ!

ಒಂದು ಟಿ-ಕೋಶ ಒಬ್ಬನೇ ವೈರಿಯನ್ನು ಗುರುತಿಸುತ್ತದೆ ಅಂತಲೇ ನಾವೆಲ್ಲ ಓದಿಕೊಂಡು ಬಂದದ್ದು. ಲೆಕ್ಕ ಹಾಗೆ ಕೂಡುವುದಿಲ್ಲ ಕಣೇ. ಮೈಯೊಳಗಿನ ಗ್ರಾಹಕಗಳಿಗಿಂತ ಎದುರಾಗಬಹುದಾದ ಪೆಪ್ಟೈಡುಗಳೇ, ಅಂದರೆ ಪ್ರೋಟೀನಿನ ತುಣುಕುಗಳೇ, ಎಷ್ಟೋ ಪಾಲು ಹೆಚ್ಚು. ಒಂದೊಂದು ಗ್ರಾಹಕವೂ ಸುಮಾರು ಹತ್ತು ಲಕ್ಷ ಪೆಪ್ಟೈಡುಗಳಿಗೆ ಸ್ಪಂದಿಸಲೇಬೇಕು ಎಂದು ಪ್ರತಿರಕ್ಷಾ ವಿಜ್ಞಾನಿ ಡಾನ್ ಮೇಸನ್ 1998ರಲ್ಲೇ ವಾದಿಸಿದ್ದರು. ನಾವು ಬದುಕಿರುವುದೇ ಈ ಧಾರಾಳತನದಿಂದ. ಅದನ್ನು ದೋಷ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ದಿಗಿಲು ಹುಟ್ಟುವುದು ಮನುಷ್ಯರು ಗ್ರಾಹಕವನ್ನು ಹರಿತ ಮಾಡಲು ಹೊರಟಾಗ. 2013ರಲ್ಲಿ ವರದಿಯಾದ ಒಂದು ಚಿಕಿತ್ಸೆಯ ಕಥೆ ನಿನಗಿನ್ನೂ ಯಾರೂ ಹೇಳಿಲ್ಲವೇನೋ. ಕ್ಯಾನ್ಸರ್ ಕೋಶಗಳ ಮೇಜ್-ಎ3 ಪ್ರೋಟೀನಿನ ತುಣುಕನ್ನು ಬಿಗಿಯಾಗಿ ಹಿಡಿಯುವಂತೆ ಗ್ರಾಹಕವನ್ನು ತಿದ್ದಿ, ಇಬ್ಬರು ರೋಗಿಗಳ ಸ್ವಂತ ಟಿ-ಕೋಶಗಳಲ್ಲೇ ಅದನ್ನು ಸೇರಿಸಿ ವಾಪಸು ಕೊಟ್ಟರು. ವಾರದೊಳಗೆ ಇಬ್ಬರೂ ಹೃದಯ ಕೈಕೊಟ್ಟು ತೀರಿಕೊಂಡರು. ಅವರ ಹೃದಯದಲ್ಲಿ ಮೇಜ್-ಎ3 ಇರಲೇ ಇಲ್ಲ. ಇದ್ದದ್ದು ಟೈಟಿನ್, ನಮ್ಮ ಪ್ರೋಟೀನುಗಳಲ್ಲೆಲ್ಲ ದೊಡ್ಡದು. ಎರಡರ ತುಣುಕುಗಳನ್ನೂ ಒಂದರ ಕೆಳಗೊಂದು ಬರೆದು ನೋಡು: ಒಂಬತ್ತು ಅಮೈನೋ ಆಮ್ಲಗಳಲ್ಲಿ ಮೊದಲನೆಯದು, ಮೂರರಿಂದ ಐದು, ಕೊನೆಯದು, ಇಷ್ಟೇ ಸಮ. ನನ್ನ ಕಣ್ಣಿಗೆ ಬಿದ್ದಿದ್ದರೆ ಬೇರೆ ಬೇರೆ ಎಂದು ಬಿಟ್ಟೇಬಿಡುತ್ತಿದ್ದೆ. 2016ರಲ್ಲಿ ಹರಳುಗಟ್ಟಿಸಿ ರಚನೆ ನೋಡಿದರೆ, ಗ್ರಾಹಕ ಎರಡನ್ನೂ ಹೆಚ್ಚುಕಡಿಮೆ ಒಂದೇ ಭಂಗಿಯಲ್ಲಿ ಹಿಡಿದಿತ್ತು! ಓದುವಾಗ ಎದೆ ಧಸಕ್ಕೆಂದಿತು. ಲ್ಯಾಬಿನ ಮಾಮೂಲಿ ಹೃದಯಕೋಶಗಳೂ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಕಾಂಡಕೋಶಗಳಿಂದ ಬೆಳೆಸಿದ, ಮಿಡಿಯುವ ಹೃದಯಕೋಶಗಳ ಮೇಲೆ ಆ ಟಿ-ಕೋಶಗಳನ್ನು ಬಿಟ್ಟಾಗಲೇ ಗೊತ್ತಾದದ್ದು.

ಅದಕ್ಕೇ ಕೇಳುತ್ತಿದ್ದೇನೆ, ನಿನ್ನ ಮಾದರಿಯಲ್ಲಿ ಪೆಪ್ಟೈಡನ್ನು ಮುಟ್ಟುವ ಸಿಡಿಆರ್3 ಕುಣಿಕೆಗಳು ಹೇಗೆ ಬಂದಿವೆ? ಬಳುಕುವ ಆ ಕುಣಿಕೆಗಳೇ ಕಂಪ್ಯೂಟರನ್ನು ಹೆಚ್ಚು ಯಾಮಾರಿಸುವುದು. ನಿನ್ನ ಗುರಿಯ ಪೆಪ್ಟೈಡಿನ ಜಾಗದಲ್ಲಿ ಮನುಷ್ಯರದೇ ಒಂದಷ್ಟು ಪೆಪ್ಟೈಡುಗಳನ್ನು ಕೂರಿಸಿ ಓಡಿಸು, ಹೋಲಿಕೆ ಕಡಿಮೆ ಎನಿಸಿದವನ್ನೂ ಬಿಡಬೇಡ. ಅವಕ್ಕೂ ಒಳ್ಳೆಯ ಅಂಕವೇ ಬಂದರೆ ಅಳುತ್ತಾ ಕೂರಬೇಡ, ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಸರಿ, ಊಟ ಮಾಡಿ ಮಾಡು.

ನಿನ್ನ ಅಕ್ಕ