ಮುದ್ದಣನ ಮಧುಮೇಹ

ಗಡಿನಾಡಿನ ಕನ್ನಡಿಗರ ಅಳಲು ಆಶೋತ್ತರಗಳನ್ನು ಕುರಿತು ಅಧಿಕಾರವಾಣಿಯಿಂದ ಬರೆಯಬಲ್ಲ ಹಿರಿಯರು ಈ ಸಂಚಿಕೆಯಲ್ಲಿ ಅನೇಕರಿದ್ದಾರೆ. ಮೂರು ದಶಕಗಳಿಗೂ ಮಿಕ್ಕಿ ಕಾಸರಗೋಡು ಸೀಮೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠ ಹೇಳಿ, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ನಮ್ಮಿಂದಲೂ ಅಂತಹುದೇ ಒಂದು ಲೇಖನವನ್ನು ಸಂಘದ ಗೆಳೆಯರು ನಿರೀಕ್ಷಿಸಿರಬಹುದು. ಆದರೆ ಕಳೆದ ಎರಡು ವರ್ಷಗಳಿಂದ ನಮ್ಮ ಹಗಲಿರುಳುಗಳನ್ನು ಆಳುತ್ತಿರುವುದು ಒಂದು ಬೆಕ್ಕು ಮತ್ತು ಅದರ ಸಕ್ಕರೆ ಕಾಯಿಲೆ. ಬಲ್ಲ ವಿಷಯವನ್ನೇ ಬರೆಯಿರೆಂದು ಪ್ರಬಂಧದ ತರಗತಿಯಲ್ಲಿ ಮಕ್ಕಳಿಗೆ ಉಪದೇಶಿಸಿದವರು ನಾವು. ಆ ಉಪದೇಶವನ್ನು ಈಗ ನಾವೂ ಪಾಲಿಸುತ್ತಿದ್ದೇವೆ, ಅಷ್ಟೆ.

ಅಡಿಕೆ ತೋಟದ ಮನೆಗಳಲ್ಲಿ ಬೆಕ್ಕು ಅಲಂಕಾರದ ಪ್ರಾಣಿಯಲ್ಲ, ಅಟ್ಟದ ಕಾವಲುಗಾರ. ಅಡಿಕೆಯ ಚೀಲ, ಕೊಪ್ಪರಿಗೆಯ ಬೆಲ್ಲ, ಹಳೆಯ ಪುಸ್ತಕದ ಪೆಟ್ಟಿಗೆ ಇವುಗಳೆಲ್ಲ ಇಲಿಯ ಬಾಯಿಯಿಂದ ಉಳಿದಿದ್ದರೆ ಅದು ಅವನ ಪುಣ್ಯ. ಕನ್ನಡದಲ್ಲಿ ಬೆಕ್ಕು, ತುಳುವಿನಲ್ಲಿ ಪುಚ್ಚೆ, ಮಲಯಾಳದಲ್ಲಿ ಪೂಚ್ಚ. ಹೀಗೆ ಕರೆದರೆ ಮೂರಕ್ಕೂ ಓಗೊಡುವ ನಮ್ಮ ಕೆಂಚು ಬೆಕ್ಕನ್ನು ನಮ್ಮ ಮನೆಯಾಕೆ 'ಮುದ್ದು' ಎಂದರು. ನಂದಳಿಕೆಯ ಕವಿಯ ಮೇಲಿನ ಪ್ರೀತಿಯಿಂದ ಅದನ್ನು ನಾವು 'ಮುದ್ದಣ' ಎಂದು ಹಿಗ್ಗಿಸಿದೆವು.

ಅವನಿಗೆ ಹತ್ತು ವರ್ಷ ತುಂಬಿದ ಮಳೆಗಾಲದಲ್ಲಿ ಕೆಲವು ಸಂಗತಿಗಳು ಗಮನಕ್ಕೆ ಬಂದವು. ಹೊರಗೆ ಮಳೆ ಸುರಿಯುವಾಗ ಅವನು ಬಚ್ಚಲೊಲೆಯ ಬೂದಿಯಲ್ಲಿ ಜಲಬಾಧೆ ತೀರಿಸಿಕೊಳ್ಳುವುದು ರೂಢಿ. ಆ ಬೂದಿಗೆ ಇರುವೆಗಳು ಸಾಲುಗಟ್ಟತೊಡಗಿದವು. ಹಂಡೆಯ ಬದಿಯ ಪಾತ್ರೆಯನ್ನು ದಿನಕ್ಕೆರಡು ಬಾರಿ ತುಂಬಿಸಿದರೂ ಸಾಲದಾಯಿತು. ಹಸಿವೋ ಇಮ್ಮಡಿ, ಮೈಯೋ ದಿನದಿನಕ್ಕೆ ಕೃಶ. ಆರು ಕಿಲೋ ತೂಗುತ್ತಿದ್ದವನು ನಾಲ್ಕಕ್ಕೆ ಇಳಿದನು. ಕೊನೆಗೆ ಅಟ್ಟಕ್ಕೆ ನೆಗೆಯಲಾರದೆ ಹೋದನು. ತುದಿಬೆರಳುಗಳಲ್ಲಿ ನಡೆಯಬೇಕಾದ ಹಿಂಗಾಲುಗಳನ್ನು ಹಿಮ್ಮಡಿಯವರೆಗೂ ನೆಲಕ್ಕೂರಿ, ಮೊಲದಂತೆ ನಡೆಯತೊಡಗಿದನು. ನರಗಳಿಗೆ ಸಕ್ಕರೆಯ ಪೆಟ್ಟು ಬಿದ್ದಾಗ ಬೆಕ್ಕುಗಳಲ್ಲಿ ಕಾಣುವ ಲಕ್ಷಣವಿದೆಂದು ಪಶುವೈದ್ಯರು ಆಮೇಲೆ ತಿಳಿಸಿದರು.

ಆ ವೈದ್ಯರ ಮಾತೃಭಾಷೆ ಮಲಯಾಳ. 'ಪ್ರಮೇಹಂ' ಎಂದರು. ನಾವು 'ಮಧುಮೇಹವೇ?' ಎಂದೆವು. ಆಯುರ್ವೇದದ ಪ್ರಾಚೀನರು ಪ್ರಮೇಹವನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿ ಅದರಲ್ಲೊಂದಕ್ಕೆ ಮಧುಮೇಹವೆಂದರು. ಒಂದು ಭಾಷೆ ಕುಲದ ಹೆಸರನ್ನು ಉಳಿಸಿಕೊಂಡಿತು, ಇನ್ನೊಂದು ಕುಡಿಯ ಹೆಸರನ್ನು. ರೋಗ ಮಾತ್ರ ಒಂದೇ. ರಕ್ತದ ಸಕ್ಕರೆ ೩೮೦ ಎಂದು ಯಂತ್ರ ತೋರಿಸಿದರೂ ವೈದ್ಯರು ಕೂಡಲೇ ತೀರ್ಪು ಕೊಡಲಿಲ್ಲ. ಬೆಕ್ಕು ಬೆದರಿದರೆ ಸಾಕು, ಆರೋಗ್ಯವಂತ ಬೆಕ್ಕಿನಲ್ಲಿಯೂ ಸಕ್ಕರೆ ಏರಿಬಿಡುತ್ತದಂತೆ. ಗೋಣಿಚೀಲದೊಳಗೆ ಆಟೋರಿಕ್ಷಾದಲ್ಲಿ ಬಂದವನು ಬೆದರದಿರುವನೇ? ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ಸೂಚಿಸುವ ಫ್ರಕ್ಟೊಸಮೈನ್ ಎಂಬ ಪರೀಕ್ಷೆಗಾಗಿ ರಕ್ತವನ್ನು ಮಂಗಳೂರಿಗೆ ಕಳುಹಿಸಿದೆವು. ಅದೂ ಮಧುಮೇಹವೆಂದೇ ನುಡಿಯಿತು.

ಇನ್ನು ಮಾಡುವುದೇನು? ನೆರೆಕರೆಯವರ ಸಲಹೆ ನೇರವಾಗಿತ್ತು. ಚೀಲಕ್ಕೆ ಹಾಕಿ ಪೇಟೆಯ ಮೀನು ಮಾರುಕಟ್ಟೆಯಲ್ಲಿ ಬಿಟ್ಟುಬಿಡುವುದು. ನಮ್ಮ ಕಡೆ ಬೇಡವಾದ ಬೆಕ್ಕುಗಳಿಗೆ ಆ ದಾರಿ ಹೊಸತಲ್ಲ. 'ಮನುಷ್ಯರಿಗೇ ಔಷಧಿ ಸಿಗದ ಕಾಲದಲ್ಲಿ ಬೆಕ್ಕಿಗೆ ಸೂಜಿಯೇ ಮಾಷ್ಟ್ರೇ?' ಎಂದು ಕೇಳಿದವರೂ ಇದ್ದಾರೆ. ಆ ಪ್ರಶ್ನೆ ಹಗುರವಾದುದಲ್ಲ. ನಿವೃತ್ತಿ ವೇತನದಲ್ಲಿ ಬದುಕುವ ಇಬ್ಬರು ವೃದ್ಧರು ದಿನಕ್ಕೆರಡು ಬಾರಿ, ಹನ್ನೆರಡು ಗಂಟೆಗಳ ಅಂತರದಲ್ಲಿ, ಕೊನೆಯಿಲ್ಲದ ಕಾಲ ಚುಚ್ಚುಮದ್ದು ಕೊಡುವ ಹೊಣೆ ಹೊರುವುದು ವಿವೇಕವೇ ಎಂದು ನಾವೂ ಒಂದು ರಾತ್ರಿಯೆಲ್ಲ ಯೋಚಿಸಿದೆವು. ಮನೆಯಾಕೆ ಬೆಳಿಗ್ಗೆ ಒಂದೇ ಮಾತಿನಲ್ಲಿ ಮುಗಿಸಿದರು: "ಹತ್ತು ವರ್ಷ ಅಟ್ಟ ಕಾದದ್ದಕ್ಕೆ ಸಂಬಳ ಕೊಟ್ಟಿಲ್ಲವಲ್ಲ, ಇದು ಪಿಂಚಣಿ ಎಂದುಕೊಳ್ಳಿ."

ಋಣದ ಮಾತು ಬಂದುದರಿಂದ ಇತಿಹಾಸದ ಒಂದೆರಡು ಮಾತು ಹೇಳಬೇಕು. ೧೮೮೯ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬವರು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂದುದನ್ನು ಕಂಡರು. ೧೯೨೧ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆಯೇ ಪ್ರಯೋಗ ನಡೆಸಿ ಇನ್ಸುಲಿನ್ನಿನ ಗುಟ್ಟನ್ನು ಬಿಡಿಸಿದರು. ೧೯೨೨ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಅದನ್ನು ಮೊದಲು ಚುಚ್ಚಿದರು. ಮುಂದೆ ಆರು ದಶಕಗಳ ಕಾಲ ಮಾನವಕುಲ ಬದುಕಿದ್ದು ದನ ಮತ್ತು ಹಂದಿಗಳ ಗ್ರಂಥಿಗಳಿಂದ ತೆಗೆದ ಇನ್ಸುಲಿನ್ನಿನಿಂದ. ಬ್ಯಾಕ್ಟೀರಿಯಾಗಳಿಂದ ತಯಾರಿಸಿದ ಮಾನವ ಇನ್ಸುಲಿನ್ನಿಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು ೧೯೮೨ರಲ್ಲಿ. ಬೆಕ್ಕಿನ ಇನ್ಸುಲಿನ್ನಿಗೂ ದನದ ಇನ್ಸುಲಿನ್ನಿಗೂ ೫೧ ಅಮೈನೊ ಆಮ್ಲಗಳಲ್ಲಿ ಒಂದರಲ್ಲಷ್ಟೇ ವ್ಯತ್ಯಾಸ. ಪ್ರಾಣಿಗಳು ನಮಗೆ ಕೊಟ್ಟುದನ್ನು ಒಂದು ಪ್ರಾಣಿಗೆ ಹನಿಯಷ್ಟು ಹಿಂದಿರುಗಿಸುವುದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ.

ವೈದ್ಯರು ಬರೆದುಕೊಟ್ಟದ್ದು ಗ್ಲಾರ್ಜಿನ್ ಎಂಬ ಇನ್ಸುಲಿನ್, ಹೊತ್ತಿಗೆ ಒಂದು ಯೂನಿಟ್. ಅಂಗಡಿಯವರು ಅದರೊಡನೆ ಕೆಂಪು ಮುಚ್ಚಳದ ಸಿರಿಂಜನ್ನು ಕಟ್ಟಿಕೊಟ್ಟರು. ಗಣಿತದ ಮೇಷ್ಟರ ಕಣ್ಣು ಅಲ್ಲಿ ನಿಂತಿತು. ಕೆಂಪು ಮುಚ್ಚಳದ್ದು ಮಿಲಿಲೀಟರಿಗೆ ೪೦ ಯೂನಿಟಿನ ಔಷಧಿಗೆ ಹೊಂದುವ ಸಿರಿಂಜು. ಗ್ಲಾರ್ಜಿನ್ ಮಿಲಿಲೀಟರಿಗೆ ೧೦೦ ಯೂನಿಟಿನದು. ಆ ಸಿರಿಂಜಿನ ಒಂದು ಗೆರೆಯೆಂದರೆ ಒಂದು ಮಿಲಿಲೀಟರಿನ ನಲ್ವತ್ತನೆಯ ಒಂದಂಶ. ಅಷ್ಟರಲ್ಲಿ ಈ ಔಷಧಿ ಎರಡೂವರೆ ಯೂನಿಟ್ ತುಂಬುತ್ತದೆ. ನಾಲ್ಕು ಕಿಲೋದ ಪ್ರಾಣಿಗೆ ಎರಡೂವರೆ ಪಟ್ಟು ಔಷಧಿಯೆಂದರೆ ಪ್ರಾಣಕ್ಕೇ ಸಂಚಕಾರ. ಸಿರಿಂಜನ್ನು ಹಿಂದಿರುಗಿಸಿ ಕಿತ್ತಳೆ ಮುಚ್ಚಳದ್ದನ್ನು ತಂದೆವು. ತ್ರೈರಾಶಿಕ ಕಲಿತರೆ ಏನು ಪ್ರಯೋಜನವೆಂದು ಕೇಳುತ್ತಿದ್ದ ಹಳೆಯ ವಿದ್ಯಾರ್ಥಿಗಳು ಇದನ್ನು ಓದಲಿ.

ಸೂಜಿ ಚುಚ್ಚುವುದು ನಾವು ಅಂಜಿದಷ್ಟು ಕಷ್ಟವಾಗಲಿಲ್ಲ. ಮೊದಲು ಊಟ. ಅವನು ತಟ್ಟೆಗೆ ಬಾಯಿ ಹಾಕಿದ ಮೇಲೆ ಪಕ್ಕೆಯ ಸಡಿಲ ಚರ್ಮವನ್ನು ಬೆರಳುಗಳಲ್ಲಿ ಗುಡಾರದಂತೆ ಎತ್ತಿ, ಅದರ ಬುಡಕ್ಕೆ ಸೂಜಿ ತಾಗಿಸಿದರೆ ಮುಗಿಯಿತು. ಸೂಜಿ ಕೂದಲಿನಷ್ಟು ಸಣ್ಣದು. ಅವನು ತಲೆಯೆತ್ತಿಯೂ ನೋಡುವುದಿಲ್ಲ. ಸಕ್ಕರೆ ಅಳೆಯುವುದು ಕಿವಿಯಂಚಿನ ನರದಿಂದ. ಬೆಚ್ಚನೆಯ ಬಟ್ಟೆಯಿಂದ ಕಿವಿಯನ್ನು ಒತ್ತಿ ಹಿಡಿದರೆ ರಕ್ತ ಅಂಚಿಗೆ ಬರುತ್ತದೆ. ಒಂದು ಹನಿ ಸಾಕು. ಮನುಷ್ಯರ ಯಂತ್ರವು ಬೆಕ್ಕಿನ ಸಕ್ಕರೆಯನ್ನು ನಿಜಕ್ಕಿಂತ ತುಸು ಕಡಿಮೆ ತೋರಿಸುವುದುಂಟು. ವೈದ್ಯರು ಅದನ್ನು ಲೆಕ್ಕಕ್ಕೆ ಹಿಡಿದೇ ಪ್ರಮಾಣವನ್ನು ನಿರ್ಧರಿಸುತ್ತಾರೆ. ನಾವೊಂದು ಗೆರೆಪುಸ್ತಕದಲ್ಲಿ ಹಾಜರಿ ಪಟ್ಟಿಯಂತೆ ಅಂಕಣಗಳನ್ನು ಎಳೆದು, ತಾರೀಕು, ಹೊತ್ತು, ಸಕ್ಕರೆ, ಯೂನಿಟ್, ಊಟ, ಷರಾ ಎಂದು ಕನ್ನಡ ಅಂಕಿಗಳಲ್ಲೇ ಬರೆಯತೊಡಗಿದೆವು.

ಔಷಧಿಗಿಂತ ಕಠಿನವಾದುದು ಅನ್ನದ ಪ್ರಶ್ನೆ. ನಮ್ಮದು ತಲೆತಲಾಂತರದಿಂದ ಶಾಕಾಹಾರದ ಮನೆ. ಹಾಲನ್ನ ಇಲ್ಲಿಯ ಬೆಕ್ಕುಗಳಿಗೆಲ್ಲ ಸಲ್ಲುವ ನೈವೇದ್ಯ. ಮಿಕ್ಕುದನ್ನು ಅವು ಅಟ್ಟದಲ್ಲಿ ಸಂಪಾದಿಸಿಕೊಳ್ಳುತ್ತವೆ. ಆದರೆ ಪ್ರಕೃತಿ ಬೆಕ್ಕನ್ನು ಕಟ್ಟಾ ಮಾಂಸಾಹಾರಿಯಾಗಿ ನಿರ್ಮಿಸಿದೆ. ಸಕ್ಕರೆಯನ್ನು ಬೇಗನೆ ಸಂಭಾಳಿಸುವ ಶಕ್ತಿ ಅದರ ಯಕೃತ್ತಿಗೆ ಬಹಳ ಕಡಿಮೆ. ಮಧುಮೇಹಿ ಬೆಕ್ಕಿಗೆ ಅನ್ನ ನಿಲ್ಲಿಸಿ ಮಾಂಸದ ಆಹಾರ ಕೊಟ್ಟರೆ ಇನ್ಸುಲಿನ್ನಿನ ಅರ್ಧ ಕೆಲಸ ಅಲ್ಲಿಯೇ ಆಗುತ್ತದೆಂದು ವೈದ್ಯರು ಹೇಳಿದಾಗ ನಾವು ಮನೆಯಾಕೆಯ ಮುಖ ನೋಡಿದೆವು. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿತ್ತು. ನಮ್ಮದು ಹಾಲಿನ ಪಾತ್ರೆಯ ಸದ್ದಿಗೇ ಓಡಿಬರುವಂತಹುದು.

ಆಕೆ ಮೂರು ದಿನ ಏನೂ ಹೇಳಲಿಲ್ಲ. ನಾಲ್ಕನೆಯ ದಿನ ಹಸುಗಳಿಲ್ಲದೆ ಬರಿದಾಗಿದ್ದ ಕೊಟ್ಟಿಗೆಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದರು. ಅದಕ್ಕೆಂದೇ ಒಂದು ಮಡಕೆ, ಒಂದು ಸೌಟು. ಬೇಲಿಯಾಚೆಯ ಮನೆಯವರು ಉಪ್ಪು ಖಾರವಿಲ್ಲದ ಬೂತಾಯಿಯನ್ನೂ ಕೋಳಿಯ ತುಣುಕುಗಳನ್ನೂ ತಂದುಕೊಡುವುದು, ಈಕೆ ಸೆರಗಿನಿಂದ ಮೂಗು ಮುಚ್ಚಿ ಬೇಯಿಸುವುದು. ಎಪ್ಪತ್ತೊಂದು ವರ್ಷ ಮೊಟ್ಟೆಯನ್ನೂ ಮುಟ್ಟದ ಕೈ ಅದು. ಮಡಿಯ ಮಾತೆತ್ತಿದ ಬಂಧುಗಳೊಬ್ಬರಿಗೆ ಆಕೆ ಕೊಟ್ಟ ಉತ್ತರ ಇಷ್ಟೇ: "ಅದರ ಧರ್ಮ ಅದಕ್ಕೆ, ನಮ್ಮ ಮಡಿ ನಮಗೆ. ಸ್ನಾನ ಮಾಡಿದರೆ ಮೀನಿನ ವಾಸನೆ ಹೋಗುತ್ತದೆ. ಹಸಿದ ಜೀವವನ್ನು ಬಿಟ್ಟ ಪಾಪ ಹೋಗುತ್ತದೆಯೇ?" ಆ ಬಂಧುಗಳು ಆಮೇಲೆ ನಮ್ಮಲ್ಲಿ ನೀರು ಕುಡಿಯಲಿಲ್ಲ. ಆಕೆಯೂ ಒತ್ತಾಯಿಸಲಿಲ್ಲ.

ಗಡಿನಾಡಿನ ಮಳೆಗಾಲವನ್ನು ಬಲ್ಲವರಿಗೆ ವಿದ್ಯುತ್ತಿನ ಕತೆ ಹೇಳಬೇಕಾಗಿಲ್ಲ. ಇನ್ಸುಲಿನ್ನಿನ ಸೀಸೆ ತಂಪಿನಲ್ಲಿರಬೇಕು, ಆದರೆ ಹಿಮಗಟ್ಟಬಾರದು. ಎರಡು ದಿನ ಕರೆಂಟಿಲ್ಲದಾಗ ಸೀಸೆಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬಿಗಿದು ನೀರು ತುಂಬಿದ ಮಣ್ಣಿನ ಹೂಜಿಯಲ್ಲಿ ಇಳಿಬಿಟ್ಟು ಕಾಪಾಡಿದೆವು. ಅಂತಹುದೇ ಒಂದು ರಾತ್ರಿ, ಉಂಡು ಸೂಜಿ ಹಾಕಿಸಿಕೊಂಡ ಮುದ್ದಣ ಉಂಡುದೆಲ್ಲವನ್ನೂ ಕಾರಿಕೊಂಡನು. ಹತ್ತು ಗಂಟೆಯ ಹೊತ್ತಿಗೆ ತೂರಾಡಿದನು. ಕಣ್ಣು ನಿಲುಕಿಲ್ಲದೆ ಅಲೆಯಿತು. ಟಾರ್ಚಿನ ಬೆಳಕಿನಲ್ಲಿ ಅಳೆದರೆ ಯಂತ್ರದಲ್ಲಿ ೪೮. ಏರಿದ ಸಕ್ಕರೆ ತಿಂಗಳುಗಳಲ್ಲಿ ಕೊಲ್ಲುತ್ತದೆ, ಇಳಿದ ಸಕ್ಕರೆ ಗಳಿಗೆಗಳಲ್ಲಿ ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಜೇನನ್ನು ಬೆರಳಿಗೆ ಹಚ್ಚಿ ಅವನ ವಸಡಿಗೆ ತಿಕ್ಕಿದೆವು; ಗಂಟಲಿಗೆ ಸುರಿಯಬಾರದು, ಉಸಿರಿಗೆ ಹೋದೀತು. ಹೊರಗೆ ಮಳೆ, ಒಳಗೆ ಮೌನ. ಕಾಲು ಗಂಟೆಯಲ್ಲಿ ಕಿವಿ ನಿಮಿರಿತು. ಅರ್ಧ ಗಂಟೆಯಲ್ಲಿ ಅವನು ಮೀನು ಕೇಳಿದನು. ಬೆಳಗಿನವರೆಗೆ ಗಂಟೆಗೊಮ್ಮೆ ಅಳೆಯುತ್ತ ಕುಳಿತೆವು. ಮರುದಿನ ವೈದ್ಯರು ಪ್ರಮಾಣವನ್ನು ಅರ್ಧ ಯೂನಿಟಿಗೆ ಇಳಿಸಿದರು.

ಆರನೆಯ ತಿಂಗಳಲ್ಲಿ ಸೂಜಿಯೇ ಬೇಡವಾಯಿತು. ಆಹಾರ ಮತ್ತು ಔಷಧಿ ಕಟ್ಟುನಿಟ್ಟಾದರೆ ಬೆಕ್ಕುಗಳಲ್ಲಿ ಹೀಗೆ ರೋಗ ಹಿಂದೆ ಸರಿಯುವುದುಂಟು. ಎಂಟು ತಿಂಗಳು ಅವನು ಅಟ್ಟಕ್ಕೆ ನೆಗೆಯುತ್ತಿದ್ದನು. ಬಳಿಕ ಬೂದಿಗೆ ಮತ್ತೆ ಇರುವೆಗಳು ಬಂದವು. ಈಗ ಮತ್ತೆ ಹೊತ್ತಿಗೊಂದು ಯೂನಿಟ್. ಈ ನಡುವೆ ಬೆಂಗಳೂರಿನಲ್ಲಿ ಮೊಮ್ಮಗನ ಉಪನಯನಕ್ಕೆ ಮನೆಯಾಕೆಯೊಬ್ಬರೇ ಹೋಗಿಬಂದರು. ನಾವು ಫೋನಿನಲ್ಲಿ ಗಾಯತ್ರಿ ಕೇಳಿಸಿಕೊಂಡೆವು. ಮಗನಿಗೆ ಅದು ಹಿಡಿಸಲಿಲ್ಲ. ಅವನ ಬೇಸರವನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಮಗನಿಗೆ ತಿಳಿಯದ ಇನ್ನೊಂದು ಮುಖವಿದೆ. ಮನೆಯಾಕೆಗೂ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಾತ್ರೆ ಸಾಲದು, ಇನ್ಸುಲಿನ್ ಬೇಕೆಂದು ವೈದ್ಯರು ಎರಡು ವರ್ಷ ಹೇಳಿದರೂ ಆಕೆ ಒಪ್ಪಿರಲಿಲ್ಲ. 'ಸೂಜಿ ಹಿಡಿದರೆ ಆಯುಸ್ಸಿನ ಕೊನೆಯ ಅಧ್ಯಾಯ' ಎಂಬ ಭಯ. ಬೆಕ್ಕಿಗೆ ಸೂಜಿ ಹಾಕತೊಡಗಿ ಎರಡು ತಿಂಗಳಾದಾಗ, ಒಂದು ಸಂಜೆ ದೀಪ ಹಚ್ಚಿ ಬಂದು, "ಅದು ಒಮ್ಮೆಯೂ ಹಂದಲಿಲ್ಲ, ನನಗೇಕೆ ಹೆದರಿಕೆ?" ಎಂದರು. ಈಗ ಫ್ರಿಜ್ಜಿನ ಒಂದೇ ಹಲಗೆಯ ಮೇಲೆ ಎರಡು ಡಬ್ಬಿಗಳಿವೆ, ದೊಡ್ಡಕ್ಷರದಲ್ಲಿ ಹೆಸರು ಬರೆದು. ಆಕೆಯ ಕಾಲಿನ ಹುಣ್ಣು ಮಾಯ್ದಿದೆ. ಮೂವತ್ತು ವರ್ಷ ಶಾಲೆಯಲ್ಲಿ ಉಪದೇಶ ಮಾಡಿದ ನಮ್ಮ ಮಾತಿನಿಂದ ಆಗದ ಕೆಲಸವನ್ನು ಮಾತು ಬಾರದ ಪ್ರಾಣಿ ಮಾಡಿಸಿತು.

ಉಳಿದ ಪ್ರಶ್ನೆ ಒಂದೇ. ಅವನಿಗೆ ಹನ್ನೆರಡು, ನಮಗೆ ಎಪ್ಪತ್ತಾರು. ನಮ್ಮ ಕೈ ಈಗಾಗಲೇ ಸಣ್ಣಗೆ ನಡುಗುತ್ತದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ಗಾದೆ ಕೇಳುತ್ತದೆ. ನಮ್ಮ ಬಳಿಕ ಬೆಕ್ಕಿಗೆ ಸೂಜಿ ಹಾಕುವವರು ಯಾರು? ಬೇಲಿಯಾಚೆಯ ಮನೆಯ, ಒಂಬತ್ತನೆಯ ತರಗತಿಯ ಬಾಲಿಕೆ ತಾನಾಗಿಯೇ ಮುಂದೆ ಬಂದಳು. ಅವಳು ಮಲಯಾಳ ಮಾಧ್ಯಮದವಳು. ಚುಚ್ಚುವುದನ್ನು ಒಂದೇ ವಾರದಲ್ಲಿ ಕಲಿತಳು. ಕಲಿಯಬೇಕಾದದ್ದು ನಮ್ಮ ಪುಸ್ತಕ ಓದುವುದನ್ನು. ಹಿಂದಿನ ದಿನದ ಲೆಕ್ಕ ತಿಳಿಯದೆ ಇಂದಿನ ಯೂನಿಟ್ ನಿರ್ಧರಿಸುವಂತಿಲ್ಲ. ನಾವು ಅಂಕಿಗಳನ್ನು ಬದಲಿಸಿಕೊಡಲೇ ಎಂದಾಗ ಅವಳೇ ಬೇಡವೆಂದಳು. ಮೊದಲು ಅಂಕಿ, ಆಮೇಲೆ 'ಊಟ', 'ಷರಾ', ಆಮೇಲೆ ವಾಕ್ಯ. ಕನ್ನಡದ ೬ ಮತ್ತು ೯ ಹೊಸಬರನ್ನು ಗೊಂದಲಕ್ಕೆ ಕೆಡಹುತ್ತವೆ. ಒಂದರ ಬಾಲ ಇನ್ನೊಂದಕ್ಕೆ ಅಂಟಿದರೆ ೬೦ ಹೋಗಿ ೯೦ ಆಗುತ್ತದೆ, ಮದ್ದು ಕೊಡಬಾರದ ಹೊತ್ತಿನಲ್ಲಿ ಕೊಟ್ಟಂತಾಗುತ್ತದೆ. ಆದುದರಿಂದ ಅವಳು ಆ ಎರಡನ್ನು ಪ್ರತಿದಿನ ಹತ್ತು ಬಾರಿ ತಿದ್ದಿದಳು. ಈಗ ಪುಸ್ತಕದಲ್ಲಿ ಎರಡು ಕೈಬರಹಗಳಿವೆ. ಅವಳದು ನಮ್ಮದಕ್ಕಿಂತ ದುಂಡಗಿದೆ, ನಡುಕವಿಲ್ಲ.