ಕೋಡಿ ಬಿತ್ತು ಅಂದರೆ

ನಮ್ಮ ಹಾಸ್ಟೆಲ್ ರೂಮಿನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಫಸ್ಟ್ ಇಯರ್‌ನಲ್ಲಿ ಸೀನಿಯರ್ ಒಬ್ಬರು "ಎಲ್ಲಿಯವರ್ರೋ ನೀವೆಲ್ಲ?" ಅಂತ ಕೇಳಿದಾಗ ಸಾಲಾಗಿ ನಿಂತು ಹೇಳಿದ್ದೇ ತಪ್ಪಾಯಿತು. ಅವತ್ತಿನಿಂದ ನಾವು ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ನಾಲ್ವರದೂ ಒಂದೇ ಜಿಲ್ಲೆ. ಮೂವರು ಸಿವಿಲ್, ಹೊಳಲ್ಕೆರೆ ಮಾತ್ರ ಕಂಪ್ಯೂಟರ್ ಸೈನ್ಸ್.

2025ರ ಜನವರಿಯಲ್ಲಿ ಮಾರಿಕಣಿವೆ ಕೋಡಿ ಬಿತ್ತು. ಹಿರಿಯೂರು ಸ್ಟೇಟಸ್ ಮೇಲೆ ಸ್ಟೇಟಸ್ ಹಾಕಿದ. ನಾವೂ ಹಾರ್ಟ್ ಒತ್ತಿದ್ದೇ ಒತ್ತಿದ್ದು. ರಾತ್ರಿ ಮೆಸ್ಸಿನಲ್ಲಿ ಹೊಸದುರ್ಗ ತಟ್ಟೆ ನೋಡ್ಕೊಂಡೇ ಅಂದ: "ನಿಮಗೆ ಕೋಡಿ ಬಿತ್ತು ಅಂದ್ರೆ ಹಬ್ಬ ಕಣ್ರೋ. ನಮ್ಮ ದೊಡ್ಡಪ್ಪಂಗೆ ಈ ಸಲಾನೂ ತೋಟ ಹೋಯ್ತು ಅಂತ ಅರ್ಥ." ಆಮೇಲೆ ಯಾರೂ ಮಾತಾಡಲಿಲ್ಲ. ಸಾರು ಅವತ್ತು ಚೆನ್ನಾಗಿತ್ತು, ಅದೂ ಸೇರಲಿಲ್ಲ.

ಮುಂದಿನ ಭಾನುವಾರ ಎರಡು ಬೈಕಿನಲ್ಲಿ ಹೊರಟೆವು. ಕಟ್ಟೆಯ ಈ ಕಡೆಯನ್ನೂ ನೋಡೋದು, ಆ ಕಡೆಯನ್ನೂ ನೋಡೋದು ಅಂತ ಕರಾರು.

ಹಿರಿಯೂರಿನಿಂದ ಸುಮಾರು 20 ಕಿಲೋಮೀಟರ್ ಹೋದರೆ ವಾಣಿವಿಲಾಸಪುರ. ಕಟ್ಟೆಯ ಬುಡದಲ್ಲಿರೋ ಸಣ್ಣ ಹಳ್ಳಿ. ಊರಿನ ಹೆಸರೂ ಅಣೆಕಟ್ಟೆಯದೇ. ಅಣೆಕಟ್ಟೆಯ ಹೆಸರು ಮಹಾರಾಣಿ ವಾಣಿವಿಲಾಸ ಸನ್ನಿಧಾನದವರದು. ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ ಚಿಕ್ಕವರಾಗಿದ್ದಾಗ, 1895ರಿಂದ 1902ರವರೆಗೆ, ರೀಜೆಂಟ್ ಆಗಿ ಮೈಸೂರು ಆಳಿದವರು. ಆದರೆ ನಮ್ಮ ಕಡೆ ಯಾರ ಬಾಯಲ್ಲೂ ವಾಣಿವಿಲಾಸ ಸಾಗರ ಬರೋದಿಲ್ಲ. ರಾಣಿಗಿಂತ ಮೊದಲು ಅಲ್ಲಿದ್ದವಳು ಕಣಿವೆ ಮಾರಮ್ಮ. ಅದಕ್ಕೇ ಅದು ಮಾರಿಕಣಿವೆ.

ಆ ಕಣಿವೆಯನ್ನು ಕಣ್ಣಾರೆ ನೋಡಿದ ಮೇಲೆ ಸರ್ವೇಯಿಂಗ್ ಕ್ಲಾಸಿನ ಎಷ್ಟೋ ಪಾಠ ತಲೆಗೆ ಹತ್ತಿತು. ಬಾಬಾಬುಡನ್‌ಗಿರಿಯ ಕಡೆಯಿಂದ ವೇದಾ, ಅವತಿ ಅಂತ ಎರಡು ಹಳ್ಳ ಇಳಿದು ಬಂದು ಸೇರಿ ವೇದಾವತಿ ಆಗುತ್ತೆ. ಕಡೂರು ದಾಟಿ, ಹೊಸದುರ್ಗದ ಬಯಲಲ್ಲಿ ಆರಾಮಾಗಿ ಹರಿದು ಬಂದು, ಇಲ್ಲಿ ಗುಡ್ಡದ ಸಾಲಿಗೆ ಎದುರಾಗುತ್ತೆ. ಗುಡ್ಡ ಒಂದೇ ಒಂದು ಕಡೆ ಕಿರಿದಾಗಿ ಬಾಯಿ ಬಿಟ್ಟಿದೆ. ಆ ಬಾಯಿಗೆ ಗೋಡೆ ಹಾಕಿದ್ದಾರೆ, ಅಷ್ಟೇ. ಕೆಆರ್‌ಎಸ್ ಕಟ್ಟೆಯ ಉದ್ದ ಎರಡೂವರೆ ಕಿಲೋಮೀಟರಿಗೂ ಜಾಸ್ತಿ, ಹಿಡಿಯೋದು 49 ಟಿಎಂಸಿ. ಇದರ ಉದ್ದ ಬರೀ 400 ಮೀಟರ್ ಚಿಲ್ಲರೆ, ಹಿಡಿಯೋದು 30 ಟಿಎಂಸಿ! ಜಾಗ ಹುಡುಕಿದವರಿಗೆ ಅಲ್ಲೇ ಅರ್ಧ ಮಾರ್ಕ್ಸ್ ಕೊಡಬೇಕು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1898ರಲ್ಲಿ ಕೆಲಸ ಶುರುವಾಯಿತು. 1907ಕ್ಕೆ ಮುಗಿಯಿತು. ಕಲ್ಲು, ಸುಣ್ಣ, ಸುರ್ಕಿಯ ಗಾರೆ. ನಮ್ಮ ಲ್ಯಾಬಿನಲ್ಲಿ ಕ್ಯೂಬ್ ಮಾಡಿ ಒಡೆಯೋ ಸಿಮೆಂಟಿನ ಹಂಗೇ ಇಲ್ಲದೆ ನಿಂತಿದೆ.

ಜಗಳ ಮಾತ್ರ ಕಟ್ಟೆಗಿಂತ ಹಳೆಯದು. ವೇದಾವತಿ ಮುಂದೆ ಹಗರಿ ಅಂತ ಹೆಸರು ಬದಲಿಸಿಕೊಂಡು ಬಳ್ಳಾರಿ ಕಡೆ ಹೋಗುತ್ತೆ. ಆಗ ಬಳ್ಳಾರಿ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. 1892ರ ಮೈಸೂರು–ಮದ್ರಾಸ್ ಒಪ್ಪಂದದ ಪ್ರಕಾರ ಪಟ್ಟಿಯಲ್ಲಿದ್ದ ನದಿಗಳಿಗೆ ಮೈಸೂರಿನವರು ಹೊಸ ಕಟ್ಟೆ ಹಾಕಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕಿತ್ತು. ಮೇಲಿನವರು, ಕೆಳಗಿನವರು ಅನ್ನೋದು ಅವತ್ತಿಂದಲೂ ಇದೆ.

ಹಿರಿಯೂರಿನ ಅಜ್ಜಿಯನ್ನೂ ಅವತ್ತು ಆಟೋದಲ್ಲಿ ಕರೆಸಿದ್ದೆವು. ಈ ಕಟ್ಟೆ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಅಜ್ಜಿ ಹುಟ್ಟಿದ್ದೇ ಮೊದಲನೇ ಕೋಡಿಯ ನಂತರ. ಅವರಪ್ಪ ಹೇಳಿದ ಕಥೆ ಬಿಟ್ಟರೆ ಕೋಡಿ ಅನ್ನೋದನ್ನ ಕಂಡವರಲ್ಲ. 2022ರಲ್ಲಿ ಕಾಲು ನೋವು ಅಂತ ಬರಲಾಗಲಿಲ್ಲ. ನಮ್ಮದು ಮಳೆ ನೆರಳಿನ ನಾಡು. ಮೇಲೆ ಬಿದ್ದ ಮಳೆಯೂ ದಾರಿಯ ಕೆರೆಗಳಲ್ಲಿ ನಿಂತು ಬರಬೇಕು. ಕೆಲವು ವರ್ಷಗಳ ಹಿಂದೆ ಇದೇ ಕಟ್ಟೆ ತಳ ಕಂಡಾಗ ಅಜ್ಜಿಯ ಮನೆಯವರು ಒಣಗಿದ ತೆಂಗಿನ ಮರಗಳನ್ನ ಕಡಿಸಿ ಸೌದೆಗೆ ಮಾರಿದ್ದರು. ಆಮೇಲೆ ಭದ್ರೆಯ ನೀರನ್ನ ಮೇಲೆತ್ತಿ ಇತ್ತ ಹರಿಸಿದರು, ಮಳೆಯೂ ಕೈಹಿಡಿಯಿತು.

ಅಜ್ಜಿ ಕೋಡಿಗೆ ಕೈಮುಗಿದು, "ಸಾಕು ಬಿಡಪ್ಪಾ, ಇನ್ನ ಹೋದರೂ ಚಿಂತಿಲ್ಲ" ಅಂದರು. ಹಿರಿಯೂರು ಆ ಕಡೆ ತಿರುಗಿ ಕಣ್ಣೊರೆಸಿಕೊಂಡ. ನಾವು ಫೋಟೋ ತೆಗೆದೆವು. ಹೊಸದುರ್ಗ ಫೋಟೋದಲ್ಲಿ ನಿಲ್ಲಲಿಲ್ಲ, ಆದರೆ ಅಜ್ಜಿಯ ಕೈ ಹಿಡಿದು ಮೆಟ್ಟಿಲು ಇಳಿಸಿದವನು ಅವನೇ.

ಮಧ್ಯಾಹ್ನ ಗುಡ್ಡ ಬಳಸಿ ಹಿನ್ನೀರಿನ ಕಡೆ ಹೋದೆವು. ದಾರಿಯುದ್ದ ಒಂದೇ ಚರ್ಚೆ. ಈ ಕೋಡಿಗೆ ಗೇಟಿಲ್ಲ. 130 ಅಡಿ ತುಂಬಿದರೆ ನೀರು ತಾನಾಗಿ ಹೊರಳುತ್ತೆ. ಆದರೆ ಒಳಹರಿವು ಜೋರಾಗಿದ್ದರೆ 130ಕ್ಕೇ ನಿಲ್ಲೋದಿಲ್ಲ. ಬಂದಷ್ಟು ನೀರು ಹೊರಗೆ ಹೋಗಬೇಕಾದರೆ ಕೋಡಿಯ ಮೇಲೆ ಅಷ್ಟು ಎತ್ತರಕ್ಕೆ ನೀರು ನಿಲ್ಲಲೇಬೇಕು. ನಾವು ಇದನ್ನ ಹೈಡ್ರಾಲಿಕ್ಸ್‌ನಲ್ಲಿ 'ಹೆಡ್' ಅಂತ ಬರೆದು ಐದು ಮಾರ್ಕ್ಸ್ ತಗೊಂಡಿದ್ದೆವು. ಕಟ್ಟೆಯ ಹತ್ತಿರ ಒಂದು ಅಡಿ ಅಂದರೆ ಕಲ್ಲಿನ ಮೇಲೆ ಒಂದು ಗೆರೆ. ಹೊಸದುರ್ಗದ ಬಯಲು ಚಪ್ಪಟೆ. ಅಲ್ಲಿ ಅದೇ ಒಂದು ಅಡಿ ತೋಟಗಳ ಒಳಕ್ಕೆ ಎಲ್ಲಿಯವರೆಗೋ ನಡೆದುಬಿಡುತ್ತೆ. "ಹಂಗಾದ್ರೆ ಕೋಡಿ ಸ್ವಲ್ಪ ತಗ್ಗಿಸಿದ್ರೆ ಆಯ್ತಲ್ಲ" ಅಂತ ಹೊಳಲ್ಕೆರೆ ಅಂದಿದ್ದೇ ತಡ, ಮುಂದಿನ ಬೈಕಿನ ಹಿರಿಯೂರು ಬ್ರೇಕ್ ಹಾಕಿ ನಿಲ್ಲಿಸಿದ. "ತಗ್ಗಿಸೋದಾ? ಮೇಲಿನ ಒಂದೊಂದು ಅಡೀಲೇ ಕಣೋ ಜಾಸ್ತಿ ನೀರಿರೋದು! ಬರ ಬಂದಾಗ ಏನು ಕುಡೀತೀಯ? ದುರ್ಗಕ್ಕೂ ಇಲ್ಲಿಂದಲೇ ನೀರು!" ದುರ್ಗ ತಲೆಯಾಡಿಸಿದ. ಅವನು ಕೋಟೆಯ ಹೊಂಡಗಳಲ್ಲಿ ಒಂದು ತುಂಬಿ ಇನ್ನೊಂದಕ್ಕೆ ಹರಿಯೋದನ್ನ, ಚಂದ್ರವಳ್ಳಿಯಲ್ಲಿ ಕೆರೆಯ ವಿಚಾರ ಬರೆದಿರೋ ಮಯೂರಶರ್ಮನ ಶಾಸನವನ್ನ ಹೇಳಿ ಎಲ್ಲರನ್ನೂ ಸಮಾಧಾನ ಮಾಡೋಕೆ ನೋಡಿದ. ಆ ಹೊತ್ತಿಗೆ ಮಯೂರಶರ್ಮ ಯಾರಿಗೂ ಬೇಕಿರಲಿಲ್ಲ.

ದೊಡ್ಡಪ್ಪನ ತೋಟ ನೀರಲ್ಲಿತ್ತು. ತೆಂಗಿನ ಮರಗಳು ಮೊಣಕಾಲುದ್ದದ ನೀರಲ್ಲಿ ಸಾಲಾಗಿ ನಿಂತಿದ್ದವು, ಪರೀಕ್ಷೆಗೆ ಲೇಟಾಗಿ ಬಂದು ಹೊರಗೆ ನಿಂತವರ ಹಾಗೆ. ಅಡಿಕೆ ಗರಿ ಹಳದಿಗೆ ತಿರುಗಿತ್ತು. ಪಂಪ್‌ಸೆಟ್ಟಿನ ಪೆಟ್ಟಿಗೆ ಬಿಚ್ಚಿ ಮನೆ ಜಗಲಿ ಮೇಲಿಟ್ಟಿದ್ದರು.

ಅವರ ಮನೆಯ ಕಥೆ ಕೇಳಿದೆವು. ಕಟ್ಟೆ ಕಟ್ಟುವಾಗ ಮುತ್ತಾತನ ಹೊಲ ಮುಳುಗಡೆ ಪಟ್ಟಿಗೆ ಸೇರಿ, ಮನೆಯವರು ಮೇಲಕ್ಕೆ ಬಂದರು. 1933 ಆದಮೇಲೆ ನೀರು ಅಲ್ಲಿಗೆ ಬರಲೇ ಇಲ್ಲ. ಹತ್ತು ವರ್ಷ ಕಾದರು, ಇಪ್ಪತ್ತು ವರ್ಷ ಕಾದರು. ತಾತ ಮೆಲ್ಲಗೆ ಕೆಳಗಿಳಿದು ಉತ್ತರು, ರಾಗಿ ಬಿತ್ತಿದರು. ದೊಡ್ಡಪ್ಪ ಬೋರ್ ಹಾಕಿಸಿ ತೋಟ ಮಾಡಿದರು. ಈಗ ದಾಖಲೆ ತೆಗೆದರೆ ತೋಟದ ಕೆಳಗಿನ ಭಾಗ ಕೆರೆಯಂಗಳ. ಪರಿಹಾರ ಕೇಳೋ ಹಾಗಿಲ್ಲ. ಮೇಲಿನ ಭಾಗ ಅವರದೇ, ಅದಕ್ಕೂ ನೀರು ನುಗ್ಗಿದೆ. ಅದರ ಅರ್ಜಿ ಕೊಟ್ಟು ಎರಡು ವರ್ಷ ಆಯ್ತಂತೆ.

"ಕೆರೇದು ತಪ್ಪಲ್ಲ ಬಿಡ್ರಪ್ಪ. ಅದು ತನ್ನ ಜಾಗಕ್ಕೆ ಬಂತು" ಅಂದರು ದೊಡ್ಡಪ್ಪ. "ಆದ್ರೆ ಅಷ್ಟು ವರ್ಷ ಬರದೇ ಇದ್ರೆ ಯಾರು ತಾನೇ ಸುಮ್ನಿರ್ತಾರೆ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ದೊಡ್ಡಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಹಿರಿಯೂರು ಲೋಟ ಹಿಡಿದು ನೀರಿನ ಅಂಚಿಗೆ ಹೋಗಿ ತುಂಬ ಹೊತ್ತು ನಿಂತ. ಬೆಳಗ್ಗೆ ಅವನ ಅಜ್ಜಿ ಕೈಮುಗಿದದ್ದು ಇದೇ ನೀರಿಗೆ.

"ಇಂಜಿನಿಯರಿಂಗ್ ಓದೋರಲ್ವೇನ್ರಪ್ಪ ನೀವು? ಇದು ಯಾವಾಗ ಇಳಿಯುತ್ತೆ, ಲೆಕ್ಕ ಹಾಕಿ ಹೇಳಿ" ಅಂದರು ದೊಡ್ಡಪ್ಪ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಿರಿಯೂರೇ ಬಾಯಿಬಿಟ್ಟ. "ಬೇಸಿಗೇಲಿ ನಮ್ಮ ಕಡೆ ತೋಟಕ್ಕೆ ನಾಲೇಲಿ ನೀರು ಬಿಡ್ತಾರೆ ದೊಡ್ಡಪ್ಪ. ಆಗ ಇಳಿಯುತ್ತೆ."

"ಹಂಗಾದ್ರೆ ಬೇಗ ಬಿಡಿಸ್ಕೊಳ್ಳಿ ಮಗ" ಅಂದು ದೊಡ್ಡಪ್ಪ ಖಾಲಿ ಲೋಟಗಳನ್ನ ಎತ್ತಿಕೊಂಡರು.